ಕೆಸರಾಗುವ ಮುನ್ನ: ಜಾಜ್‌ಮೌ ಚರ್ಮ ಕಾರ್ಖಾನೆಗಳ ಕ್ರೋಮಿಯಂ ಕೆಸರು ಮತ್ತು ಅದರ ಮರುಬಳಕೆ – ಒಂದು ಪ್ರಕರಣ ಅಧ್ಯಯನ

ಉತ್ತರ ಪ್ರದೇಶದ ಕಾನ್ಪುರ ನಗರದ ಅಂಚಿನಲ್ಲಿ, ಗಂಗೆಯ ಬಲದಂಡೆಯ ಮೇಲೆ ಜಾಜ್‌ಮೌ ಎಂಬ ಪ್ರದೇಶವಿದೆ. ಇಲ್ಲಿ ಸುಮಾರು 400 ಚರ್ಮ ಹದಗಾರಿಕೆ ಕಾರ್ಖಾನೆಗಳು ಒತ್ತೊತ್ತಾಗಿ ಬೆಳೆದಿವೆ. ಇವುಗಳ ತ್ಯಾಜ್ಯನೀರನ್ನು ನಗರದ ಕೊಳಚೆ ನೀರಿನೊಂದಿಗೆ ಬೆರೆಸಿ ಶುದ್ಧೀಕರಿಸುವ ಘಟಕವೊಂದು 1994ರಲ್ಲಿ ಕೆಲಸ ಆರಂಭಿಸಿತು. ಗಂಗಾ ಕ್ರಿಯಾ ಯೋಜನೆಯ ಆ ಕಾಲದಲ್ಲಿ ಕೊಳಚೆ ಶುದ್ಧೀಕರಣ ಎಂದರೆ ನೀರಿನ ಜೊತೆಗೆ ಉರಿಸಲು ಅನಿಲವೂ ಹೊಲಕ್ಕೆ ಗೊಬ್ಬರವೂ ದೊರೆಯುತ್ತವೆ ಎಂಬ ನಿರೀಕ್ಷೆಯಿತ್ತು. ಸಾರಜನಕ, ರಂಜಕ ಮತ್ತು ಸಾವಯವ ಅಂಶ ಜಾಜ್‌ಮೌ ಘಟಕದ ಕೆಸರಿನಲ್ಲಿಯೂ ಇದ್ದವು. ಆದರೂ ಅದು ಗೊಬ್ಬರವಾಗಲಿಲ್ಲ; ಅಪಾಯಕಾರಿ ತ್ಯಾಜ್ಯವೆಂದು ಪರಿಗಣಿಸಿ ವಿಲೇವಾರಿ ಮಾಡಬೇಕಾದ ವಸ್ತುವಾಯಿತು.

ಹೀಗೇಕಾಯಿತು, ಆ ಕೆಸರನ್ನು ಇಂದು ಏನು ಮಾಡಬಹುದು, ಅದೇ ಪ್ರದೇಶದಲ್ಲಿ ಮುಂದೆ ಹುಟ್ಟುವ ಕೆಸರನ್ನು ಮರುಬಳಕೆಗೆ ಒಗ್ಗಿಸುವುದು ಹೇಗೆ ಎಂಬುದನ್ನು ಈ ಅಧ್ಯಯನ ಪರಿಶೀಲಿಸುತ್ತದೆ. ಚರ್ಮ ಕಾರ್ಖಾನೆಯ ಕೆಸರಿನ ಮರುಬಳಕೆಯ ಬಗ್ಗೆ ನಡೆಯುವ ಬಹುಪಾಲು ಚರ್ಚೆ ಇಟ್ಟಿಗೆ, ಸಿಮೆಂಟು, ಗೊಬ್ಬರ ಎಂದು ಕೊನೆಯ ಹಂತದಿಂದ ಆರಂಭವಾಗುತ್ತದೆ. ಜಾಜ್‌ಮೌ ಪ್ರಕರಣವನ್ನು ಹತ್ತಿರದಿಂದ ನೋಡಿದರೆ ಆ ಚರ್ಚೆ ತಡವಾಗಿ ಶುರುವಾಗುತ್ತಿದೆ ಎಂಬುದು ಸ್ಪಷ್ಟವಾಗುತ್ತದೆ. ಕೆಸರು ಮರುಬಳಕೆಗೆ ಬರುತ್ತದೆಯೋ ಇಲ್ಲವೋ ಎಂಬುದು ಚರ್ಮ ಹದಮಾಡುವ ಡ್ರಮ್ಮಿನಿಂದ ನೀರು ಹೊರಬೀಳುವ ಕ್ಷಣದಲ್ಲಿಯೇ ಬಹುಮಟ್ಟಿಗೆ ತೀರ್ಮಾನವಾಗಿರುತ್ತದೆ.

ಬೆರಕೆಯ ನಿರ್ಧಾರ

ಗಂಗಾ ಮಾಲಿನ್ಯದ ಬಗ್ಗೆ ಪರಿಸರ ವಕೀಲ ಎಂ. ಸಿ. ಮೆಹ್ತಾ ಅವರು ಸಲ್ಲಿಸಿದ್ದ ಅರ್ಜಿಯ ಮೇಲೆ ಸುಪ್ರೀಂ ಕೋರ್ಟ್ 1987ರ ಸೆಪ್ಟೆಂಬರ್ 22ರಂದು ನೀಡಿದ ತೀರ್ಪು ಈ ಕಥನದ ನಿಜವಾದ ಆರಂಭ. ಕನಿಷ್ಠ ಕೂಲಿ ಕೊಡಲಾಗದ ಉದ್ಯಮಕ್ಕೆ ಹೇಗೆ ಇರುವ ಹಕ್ಕಿಲ್ಲವೋ ಹಾಗೆಯೇ ಪ್ರಾಥಮಿಕ ಶುದ್ಧೀಕರಣ ಘಟಕವನ್ನು ಹಾಕಿಕೊಳ್ಳಲಾಗದ ಚರ್ಮ ಕಾರ್ಖಾನೆಗೂ ಮುಂದುವರಿಯಲು ಅವಕಾಶವಿಲ್ಲ ಎಂದು ನ್ಯಾಯಾಲಯ ಹೇಳಿತು. ಕಾರ್ಖಾನೆಗಳು ತಮ್ಮ ಮಟ್ಟದಲ್ಲಿ ಪ್ರಾಥಮಿಕ ಶುದ್ಧೀಕರಣ ಮಾಡಿ, ಉಳಿದದ್ದನ್ನು ಸಾಮೂಹಿಕ ಘಟಕಕ್ಕೆ ಕಳುಹಿಸಬೇಕು ಎಂಬ ವ್ಯವಸ್ಥೆ ಹೀಗೆ ರೂಪುಗೊಂಡಿತು.

ಸಾಮೂಹಿಕ ಘಟಕ ಬಂದದ್ದು ಭಾರತ ಮತ್ತು ನೆದರ್ಲೆಂಡ್ಸ್ ಸಹಕಾರದ ಯೋಜನೆಯಡಿ. ನೀರು ಕೆಳಗಿನಿಂದ ಮೇಲಕ್ಕೆ ಹರಿಯುತ್ತಾ ಆಮ್ಲಜನಕವಿಲ್ಲದ ಕೆಸರಿನ ಹಾಸನ್ನು ಹಾದುಹೋಗುವಾಗ ಸೂಕ್ಷ್ಮಜೀವಿಗಳು ಅದರ ಕೊಳೆಯನ್ನು ತಿಂದು ಅನಿಲ ಬಿಡುವ ‘ಯುಎಎಸ್‌ಬಿ’ ತಂತ್ರವನ್ನು ಇಲ್ಲಿ ಆರಿಸಿಕೊಳ್ಳಲಾಯಿತು. ಮೊದಲು ದಿನಕ್ಕೆ 50 ಲಕ್ಷ ಲೀಟರ್ ಕೊಳಚೆ ನೀರಿನ ಪ್ರಾಯೋಗಿಕ ಘಟಕ ನಡೆಯಿತು; ಅದರ ಅನುಭವದ ಮೇಲೆ ದಿನಕ್ಕೆ 3.6 ಕೋಟಿ ಲೀಟರ್ ಸಾಮರ್ಥ್ಯದ ಘಟಕವನ್ನು ಕಟ್ಟಲಾಯಿತು. ಇದರಲ್ಲಿ 90 ಲಕ್ಷ ಲೀಟರ್ ಚರ್ಮ ಕಾರ್ಖಾನೆಗಳ ನೀರು, 2.7 ಕೋಟಿ ಲೀಟರ್ ನಗರದ ಕೊಳಚೆ ನೀರು. ಅಂದರೆ ಒಂದು ಪಾಲಿಗೆ ಮೂರು ಪಾಲು.

ಬೆರೆಸುವುದಕ್ಕೆ ಸಕಾರಣವಿತ್ತು ಎಂಬುದನ್ನು ಒಪ್ಪಿಕೊಳ್ಳಬೇಕು. ಹಸಿ ತೊಗಲು ಕೆಡದಂತೆ ಹಾಕಿದ ಉಪ್ಪು, ಕೂದಲು ತೆಗೆಯಲು ಬಳಸಿದ ಸುಣ್ಣ ಮತ್ತು ಸೋಡಿಯಂ ಸಲ್ಫೈಡ್, ಹದಮಾಡುವ ಹಂತದ ಆಮ್ಲ ಮತ್ತು ಕ್ರೋಮಿಯಂ ಸಲ್ಫೇಟ್ ಎಲ್ಲವೂ ಸೇರಿದ ನೀರಿನಲ್ಲಿ ಸೂಕ್ಷ್ಮಜೀವಿಗಳು ಬದುಕಿ ಕೆಲಸ ಮಾಡುವುದು ಕಷ್ಟ. ಮೂರು ಪಾಲು ಕೊಳಚೆ ನೀರು ಸೇರಿದರೆ ಉಪ್ಪು ತೆಳುವಾಗುತ್ತದೆ, ವಿಷದ ತೀವ್ರತೆ ತಗ್ಗುತ್ತದೆ, ಜೀವಿಗಳಿಗೆ ಬೇಕಾದ ಪೋಷಕಾಂಶ ದೊರೆಯುತ್ತದೆ. ನೀರಿನ ಶುದ್ಧೀಕರಣವೊಂದನ್ನೇ ಗುರಿಯಾಗಿಟ್ಟುಕೊಂಡರೆ ಈ ತರ್ಕ ಸರಿಯಾದದ್ದೇ.

ಆದರೆ ತೆಳುವಾಗುವ ವಸ್ತು ಬೇರೆ, ಇಲ್ಲವಾಗುವ ವಸ್ತು ಬೇರೆ. ಸಾವಯವ ಕೊಳೆಯನ್ನು ಸೂಕ್ಷ್ಮಜೀವಿಗಳು ಅನಿಲವಾಗಿಸಿ ಇಲ್ಲವಾಗಿಸುತ್ತವೆ. ಕ್ರೋಮಿಯಂ ಲೋಹವಾದ್ದರಿಂದ ಅದಕ್ಕೆ ಹೋಗಲು ಇರುವುದು ಎರಡೇ ದಾರಿ: ನೀರಿನೊಂದಿಗೆ ಹೊರಗೆ, ಇಲ್ಲವೇ ಕೆಸರಿನೊಂದಿಗೆ ಕೆಳಗೆ. ಘಟಕದೊಳಗಿನ ತಟಸ್ಥ ಸ್ಥಿತಿಯಲ್ಲಿ ಅದು ಹೈಡ್ರಾಕ್ಸೈಡ್ ರೂಪದಲ್ಲಿ ಕೆಸರಿಗೆ ಅಂಟಿಕೊಂಡು ಕೆಳಗಿಳಿಯುತ್ತದೆ. ಹೀಗಾಗಿ ಘಟಕ ನೀರನ್ನು ಎಷ್ಟು ಚೆನ್ನಾಗಿ ಶುದ್ಧೀಕರಿಸುತ್ತದೆಯೋ ಅದರ ಕೆಸರು ಅಷ್ಟೇ ಕಲುಷಿತವಾಗುತ್ತದೆ. ಬೆರೆಸದೆ ಬಿಟ್ಟಿದ್ದರೆ ಗೊಬ್ಬರಕ್ಕೆ ಒದಗಬಹುದಾಗಿದ್ದ ಮೂರು ಪಾಲು ಕೊಳಚೆ ನೀರಿನ ಕೆಸರನ್ನೂ ಒಂದು ಪಾಲು ಕಾರ್ಖಾನೆ ನೀರು ತನ್ನ ಜೊತೆಗೆ ಕೆಡಿಸಿತು. ಈ ಪ್ರಕರಣದಲ್ಲಿ ನನ್ನನ್ನು ಹೆಚ್ಚು ಕಾಡುವ ಸಂಗತಿ ಇದು.

ಒಂದು ಸರಳ ಲೆಕ್ಕ

ಕಾರ್ಖಾನೆಗಳು ನಿಯಮವನ್ನು ಸರಿಯಾಗಿ ಪಾಲಿಸಿದ್ದರೆ ಕೆಸರು ಒಳ್ಳೆಯದಾಗಿರುತ್ತಿತ್ತು ಎಂಬ ವಾದವನ್ನು ಪರೀಕ್ಷಿಸಲು ಒಂದು ಲೆಕ್ಕ ಹಾಕಬಹುದು. ಇದು ಅಳತೆ ಮಾಡಿದ ಅಂಕಿಯಲ್ಲ, ಪ್ರಮಾಣವನ್ನು ಮನಗಾಣಿಸಲು ಮಾಡಿಕೊಂಡ ಊಹೆ ಎಂಬುದನ್ನು ಗಮನಿಸಬೇಕು. ಶುದ್ಧೀಕರಿಸಿದ ನೀರನ್ನು ನದಿಗೆ ಬಿಡುವಾಗ ಅದರಲ್ಲಿ ಒಟ್ಟು ಕ್ರೋಮಿಯಂ ಲೀಟರ್‌ಗೆ 2 ಮಿಲಿಗ್ರಾಂ ಮೀರಬಾರದು ಎಂಬುದು ನಮ್ಮ ಮಾನದಂಡ. ಘಟಕಕ್ಕೆ ಬರುವ ಕಾರ್ಖಾನೆ ನೀರೇ ಈ ಕೊನೆಯ ಮಾನದಂಡವನ್ನು ಪೂರೈಸುವಷ್ಟು ಶುದ್ಧವಾಗಿದೆ ಎಂದು ಉದಾರವಾಗಿ ಭಾವಿಸೋಣ. ಆಗಲೂ 90 ಲಕ್ಷ ಲೀಟರ್ ನೀರಿನಲ್ಲಿ ದಿನಕ್ಕೆ 18 ಕಿಲೋ ಕ್ರೋಮಿಯಂ ಬರುತ್ತದೆ. ಘಟಕದಲ್ಲಿ ದಿನಕ್ಕೆ 10 ಟನ್ ಒಣ ಕೆಸರು ಹುಟ್ಟುತ್ತದೆ, ಕ್ರೋಮಿಯಂ ಎಲ್ಲವೂ ಅದರಲ್ಲಿಯೇ ನಿಲ್ಲುತ್ತದೆ ಎಂದುಕೊಂಡರೆ, ಕೆಸರಿನ ಪ್ರತಿ ಕಿಲೋದಲ್ಲಿ 1,800 ಮಿಲಿಗ್ರಾಂ ಕ್ರೋಮಿಯಂ ಸೇರುತ್ತದೆ. ನಗರ ಕಾಂಪೋಸ್ಟ್ ಗೊಬ್ಬರಕ್ಕೆ ರಸಗೊಬ್ಬರ ನಿಯಂತ್ರಣ ಆದೇಶವು ವಿಧಿಸಿರುವ ಮಿತಿ ಪ್ರತಿ ಕಿಲೋಗೆ 50 ಮಿಲಿಗ್ರಾಂ. ಕಾರ್ಖಾನೆಗಳೆಲ್ಲವೂ ನಿಯಮವನ್ನು ಚಾಚೂ ತಪ್ಪದೆ ಪಾಲಿಸಿದ ಕಲ್ಪಿತ ಸ್ಥಿತಿಯಲ್ಲಿಯೂ ಕೆಸರು ಗೊಬ್ಬರದ ಮಿತಿಯನ್ನು 36 ಪಟ್ಟು ಮೀರುತ್ತದೆ.

ನೀರಿಗಾಗಿ ಮಾಡಿದ ಮಾನದಂಡವು ಕೆಸರನ್ನು ಕಾಯುವುದಿಲ್ಲ ಎಂಬುದು ಈ ಲೆಕ್ಕದಿಂದ ಹೊರಡುವ ಅರ್ಥ. ವಾಸ್ತವದಲ್ಲಿ ಒಳಬರುವ ನೀರು ಇಷ್ಟು ಶುದ್ಧವಾಗಿರುವುದಿಲ್ಲ. ಕ್ರೋಮಿಯಂ ಹದಗಾರಿಕೆ ನಡೆಯುವ ಕಡೆಗಳ ಘಟಕಗಳಲ್ಲಿ ಒಣ ಕೆಸರಿನ ಪ್ರತಿ ಕಿಲೋದಲ್ಲಿ ಕ್ರೋಮಿಯಂ ಸಾವಿರಾರು ಮಿಲಿಗ್ರಾಂ ಇರುವುದು ಸಾಮಾನ್ಯ. ಇಂತಹ ಕೆಸರನ್ನು ಒಳ್ಳೆಯ ಗೊಬ್ಬರದೊಂದಿಗೆ ಬೆರೆಸಿ ಮಿತಿಯೊಳಗೆ ತರುವ ಸಲಹೆ ಆಗಾಗ ಕೇಳಿಬರುತ್ತದೆ. ಬೆರಕೆಯಿಂದಲೇ ಹುಟ್ಟಿದ ತೊಂದರೆಗೆ ಇನ್ನಷ್ಟು ಬೆರಕೆ ಪರಿಹಾರವಾಗದು. ಅದೇ ಲೋಹ ಹೆಚ್ಚು ಹೊಲಗಳಿಗೆ ಹರಡುತ್ತದೆ, ಅಷ್ಟೇ.

ಎರಡು ರೂಪದ ಒಂದು ಲೋಹ

ಮುಂದಿನ ಆಯ್ಕೆಗಳನ್ನು ತೂಗುವ ಮುನ್ನ ಕ್ರೋಮಿಯಂನ ಎರಡು ರೂಪಗಳನ್ನು ಬೇರೆಬೇರೆಯಾಗಿ ತಿಳಿಯಬೇಕು. ಚರ್ಮ ಹದಮಾಡಲು ಬಳಸುವುದು ಕ್ರೋಮಿಯಂ-3. ಇದು ತಟಸ್ಥ ನೀರಿನಲ್ಲಿ ಸುಲಭವಾಗಿ ಕರಗದು, ಮಣ್ಣಿಗೆ ಬಿಗಿಯಾಗಿ ಅಂಟಿಕೊಳ್ಳುತ್ತದೆ, ವಿಷತ್ವ ಕಡಿಮೆ. ಇನ್ನೊಂದು ಕ್ರೋಮಿಯಂ-6. ಇದು ಕರಗುತ್ತದೆ, ಮಣ್ಣಿನಲ್ಲಿ ಹರಿದು ಅಂತರ್ಜಲ ಸೇರುತ್ತದೆ. ಮನುಷ್ಯರಲ್ಲಿ ಕ್ಯಾನ್ಸರ್ ಉಂಟುಮಾಡುವುದು ಖಚಿತವಾಗಿರುವ ಮೊದಲ ಗುಂಪಿಗೆ ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ಇದನ್ನು ಸೇರಿಸಿದೆ. ಘಟಕದಿಂದ ತಾಜಾ ಆಗಿ ಹೊರಬರುವ ಕೆಸರಿನಲ್ಲಿ ಸಲ್ಫೈಡ್ ಮತ್ತು ಸಾವಯವ ಅಂಶ ಹೇರಳವಾಗಿ ಇರುವುದರಿಂದ ಕ್ರೋಮಿಯಂ ಬಹುಪಾಲು 3ರ ರೂಪದಲ್ಲಿಯೇ ಇರುತ್ತದೆ. ಆದ್ದರಿಂದ ತಾಜಾ ಕೆಸರನ್ನು ಪರೀಕ್ಷಿಸಿ ‘ಕ್ರೋಮಿಯಂ-6 ಇಲ್ಲ’ ಎಂದು ಬರೆದ ವರದಿ ಸುಳ್ಳಾಗಿರಬೇಕಿಲ್ಲ. ಆ ಕೆಸರು ಮುಂದೆ ಯಾವ ಸ್ಥಿತಿಗೆ ಒಳಗಾಗುತ್ತದೆ ಎಂಬುದರ ಬಗ್ಗೆ ಮಾತ್ರ ಆ ವರದಿ ಏನನ್ನೂ ಹೇಳುವುದಿಲ್ಲ. ಮರುಬಳಕೆಯ ಪ್ರತಿಯೊಂದು ಪ್ರಸ್ತಾವಕ್ಕೂ ಕೇಳಬೇಕಾದ ಪ್ರಶ್ನೆ ಒಂದೇ: ಈ ಬಳಕೆಯಲ್ಲಿ ಕ್ರೋಮಿಯಂ-3 ಕ್ರೋಮಿಯಂ-6 ಆಗಿ ತಿರುಗುವ ದಾರಿ ಎಲ್ಲಿದೆ?

ಆಗಲೇ ಇರುವ ಕೆಸರಿನ ಮುಂದಿರುವ ಆಯ್ಕೆಗಳು

ಹೊಲದ ವಿಷಯವನ್ನು ಮೊದಲು ತೆಗೆದುಕೊಳ್ಳೋಣ. ಜಾಜ್‌ಮೌನಲ್ಲಿ ಶುದ್ಧೀಕರಿಸಿದ ನೀರೇ ಕಾಲುವೆಯ ಮೂಲಕ ಸುತ್ತಲ ಹಳ್ಳಿಗಳ ಬೇಸಾಯಕ್ಕೆ ಹರಿದು, ಆ ಹೊಲಗಳ ಮಣ್ಣಿನಲ್ಲಿ ಕ್ರೋಮಿಯಂ ಸೇರಿಕೊಂಡಿರುವುದು ಹಲವು ಅಧ್ಯಯನಗಳಲ್ಲಿ ದಾಖಲಾಗಿದೆ. ಕೆಸರಿನಲ್ಲಿ ಕ್ರೋಮಿಯಂ ಆ ನೀರಿಗಿಂತ ಬಹುಪಟ್ಟು ಸಾಂದ್ರ. ಕ್ರೋಮಿಯಂ-3 ಮಣ್ಣಿನಲ್ಲಿ ಅಲುಗಾಡದೆ ಕುಳಿತಿರುತ್ತದೆ, ಬೆಳೆ ಅದನ್ನು ಹೆಚ್ಚು ಹೀರುವುದಿಲ್ಲ ಎಂಬ ವಾದಕ್ಕೆ ಆಧಾರವಿದೆ. ಅಮೆರಿಕದಲ್ಲಿ ಇದೇ ಬಗೆಯ ವಾದದ ಮೇಲೆ ಚರ್ಮೋದ್ಯಮ ಸಂಘ 1994ರಲ್ಲಿ ನ್ಯಾಯಾಲಯದಲ್ಲಿ ಗೆದ್ದಿತು, ಮರುವರ್ಷ ಅಲ್ಲಿನ ಪರಿಸರ ಸಂರಕ್ಷಣಾ ಸಂಸ್ಥೆಯು ಹೊಲಕ್ಕೆ ಹಾಕುವ ಕೊಳಚೆ ಕೆಸರಿನ ನಿಯಮದಿಂದ ಕ್ರೋಮಿಯಂ ಮಿತಿಯನ್ನು ತೆಗೆದುಹಾಕಿತು. ಆದರೆ ಮಣ್ಣಿನಲ್ಲಿ ಸಹಜವಾಗಿರುವ ಮ್ಯಾಂಗನೀಸ್ ಆಕ್ಸೈಡುಗಳು ಕ್ರೋಮಿಯಂ-3ರ ಒಂದಂಶವನ್ನು ಕ್ರೋಮಿಯಂ-6 ಆಗಿಸಬಲ್ಲವು ಎಂಬುದೂ ಅಷ್ಟೇ ದೃಢವಾದ ತಿಳಿವಳಿಕೆ. ಒಂದಂಶ ಎಷ್ಟು ಎಂಬುದು ಮಣ್ಣಿನ ಆಮ್ಲೀಯತೆ, ತೇವ, ಸಾವಯವ ಅಂಶವನ್ನು ಅವಲಂಬಿಸಿ ಹೊಲದಿಂದ ಹೊಲಕ್ಕೆ ಬದಲಾಗುತ್ತದೆ. ಹಾಕಿದ ಲೋಹವನ್ನು ಮತ್ತೆ ತೆಗೆಯುವ ಉಪಾಯ ರೈತನ ಕೈಯಲ್ಲಿಲ್ಲ. ಇದರ ಜೊತೆಗೆ ತೊಗಲಿನ ಉಪ್ಪು ಕೂಡ ಕೆಸರಿನಲ್ಲಿದ್ದು, ಅದು ಮಣ್ಣನ್ನು ಚೌಳಾಗಿಸುತ್ತದೆ. ಈ ಕೆಸರಿಗೆ ಹೊಲದ ದಾರಿ ಪೂರ್ತಿಯಾಗಿ ಮುಚ್ಚಿರಬೇಕು ಎಂಬುದು ನನ್ನ ನಿಲುವು.

ಇಟ್ಟಿಗೆಯ ಆಯ್ಕೆ ಹೆಚ್ಚು ಆಕರ್ಷಕವಾಗಿ ಕಾಣುತ್ತದೆ, ಆದ್ದರಿಂದ ಅದನ್ನು ಹೆಚ್ಚು ಎಚ್ಚರದಿಂದ ನೋಡಬೇಕು. ಕೆಸರಿನಲ್ಲಿ ಉರಿಯುವ ಅಂಶವಿದೆ, ಜೇಡಿಮಣ್ಣಿನ ಒಂದು ಪಾಲನ್ನು ಅದು ಉಳಿಸುತ್ತದೆ, ಸುಟ್ಟ ಮೇಲೆ ಲೋಹ ಇಟ್ಟಿಗೆಯೊಳಗೆ ಬಂಧಿಯಾಗುತ್ತದೆ ಎಂಬುದು ಪ್ರಸ್ತಾವದ ಸಾರ. ತೊಡಕು ಬೆಂಕಿಯಲ್ಲಿದೆ. ಗಾಳಿಯಾಡುವ ಕಡೆ, ಸುಣ್ಣವೋ ಕ್ಷಾರವೋ ಇರುವ ವಸ್ತುವನ್ನು ಕೆಲವು ನೂರು ಡಿಗ್ರಿಗೆ ಕಾಯಿಸಿದರೆ ಕ್ರೋಮಿಯಂ-3 ಆಮ್ಲಜನಕದೊಂದಿಗೆ ಸೇರಿ ಕ್ರೋಮೇಟ್, ಅಂದರೆ ಕ್ರೋಮಿಯಂ-6ರ ಲವಣ, ಆಗುತ್ತದೆ. ಕ್ರೋಮೈಟ್ ಅದಿರಿನಿಂದ ಕ್ರೋಮೇಟ್ ತಯಾರಿಸುವ ಕಾರ್ಖಾನೆಗಳು ಬಳಸುವ ವಿಧಾನದ ಮೂಲತತ್ವವೇ ಇದು. ಚರ್ಮ ಕಾರ್ಖಾನೆಯ ಕೆಸರಿನಲ್ಲಿ ಸುಣ್ಣ ಧಾರಾಳವಾಗಿರುತ್ತದೆ. ಹೀಗಾಗಿ ಹೆಚ್ಚು ಅಪಾಯವಿಲ್ಲದ ರೂಪದಲ್ಲಿ ಗೂಡಿಗೆ ಹೋದ ಲೋಹವು ಅತ್ಯಂತ ಅಪಾಯದ ರೂಪದಲ್ಲಿ ಹೊರಬರುವ ಸಂಭವವಿದೆ. ತಾಪಮಾನ ಇನ್ನೂ ಏರಿ, ಜೇಡಿಯ ಅಲ್ಯೂಮಿನಾ ಮತ್ತು ಕಬ್ಬಿಣದೊಂದಿಗೆ ಕ್ರೋಮಿಯಂ ಗಟ್ಟಿ ಖನಿಜವಾಗಿ ಬೆಸೆದುಕೊಂಡರೆ ಸೋರಿಕೆ ಕಡಿಮೆಯಾಗುತ್ತದೆ. ಕೆಲವು ಪ್ರಯೋಗಾಲಯಗಳಲ್ಲಿ ಸುರಕ್ಷಿತ ಇಟ್ಟಿಗೆ ದೊರೆತದ್ದು ಇದೇ ಕಾರಣಕ್ಕೆ. ಆದರೆ ಪ್ರಯೋಗಾಲಯದ ಕುಲುಮೆಯ ಏಕರೂಪದ ಶಾಖ ಬಯಲು ಗೂಡಿನಲ್ಲಿ ಇರುವುದಿಲ್ಲ. ಒಂದೇ ಗೂಡಿನ ನಡುವಿನ ಇಟ್ಟಿಗೆ ಬೆಂದಿರುತ್ತದೆ, ಅಂಚಿನದು ಅರೆಬೆಂದಿರುತ್ತದೆ. ಅರೆಬೆಂದ ಆ ಇಟ್ಟಿಗೆ ಮಳೆಗೆ ನೆನೆಯುವ ಗೋಡೆಗೆ ಹೋಗುತ್ತದೆ, ಮುರಿದಾಗ ಪುಡಿಯಾಗಿ ರಸ್ತೆಗೆ ಬೀಳುತ್ತದೆ. ಬಿಡಿ ಬಿಡಿ ಸಣ್ಣ ಗೂಡುಗಳಿಗೆ ಈ ಕೆಸರನ್ನು ಕೊಡುವುದನ್ನು ಯಾವ ಕಾರಣಕ್ಕೂ ಒಪ್ಪಲಾಗದು. ತೆರೆದ ಬಯಲಿನಲ್ಲಿ ಸುಡುವುದಕ್ಕೆ ಇದೇ ಮಾತು ಇನ್ನೂ ಬಲವಾಗಿ ಅನ್ವಯಿಸುತ್ತದೆ.

ಸಿಮೆಂಟ್ ಕಾರ್ಖಾನೆಯ ಗೂಡು ಸುಮಾರು 1,450 ಡಿಗ್ರಿ ಸೆಲ್ಸಿಯಸ್‌ನಲ್ಲಿ ನಡೆಯುತ್ತದೆ, ನಿಗಾ ವ್ಯವಸ್ಥೆ ಇರುತ್ತದೆ. ಅಲ್ಲಿಯೂ ಸುಣ್ಣ ಮತ್ತು ಆಮ್ಲಜನಕ ಎರಡೂ ಇರುವುದರಿಂದ ಕ್ಲಿಂಕರ್‌ನಲ್ಲಿ (ಪುಡಿಮಾಡಿದರೆ ಸಿಮೆಂಟ್ ಆಗುವ, ಗೂಡಿನಿಂದ ಬರುವ ಗಟ್ಟಿ ಉಂಡೆಗಳು) ಸ್ವಲ್ಪ ಕ್ರೋಮಿಯಂ-6 ಹುಟ್ಟುತ್ತದೆ. ಹಸಿ ಸಿಮೆಂಟ್ ಮುಟ್ಟುವ ಕಟ್ಟಡ ಕಾರ್ಮಿಕರ ಚರ್ಮ ಬಿರಿದು ಹುಣ್ಣಾಗುವ ಅಲರ್ಜಿಗೆ ಮುಖ್ಯ ಕಾರಣ ಇದೇ. ಯುರೋಪ್ ಒಕ್ಕೂಟವು ಸಿಮೆಂಟಿನಲ್ಲಿ ಕರಗುವ ಕ್ರೋಮಿಯಂ-6 ಪ್ರತಿ ಕಿಲೋಗೆ 2 ಮಿಲಿಗ್ರಾಂ ಮೀರಬಾರದೆಂದು 2003ರ ನಿರ್ದೇಶನದಲ್ಲಿ ವಿಧಿಸಿದೆ. ಆದ್ದರಿಂದ ಕೆಸರು ಸಣ್ಣ ಪ್ರಮಾಣದಲ್ಲಿ, ಒಳಹೋಗುವ ಒಟ್ಟು ಕ್ರೋಮಿಯಂನ ಲೆಕ್ಕವಿಟ್ಟು, ಸಿದ್ಧ ಸಿಮೆಂಟನ್ನು ಪರೀಕ್ಷಿಸುತ್ತಾ ಹೋಗುವುದಾದರೆ ಮಾತ್ರ ಇದು ಯೋಗ್ಯ ದಾರಿ.

ಸುಡದೆ, ಸಿಮೆಂಟಿನೊಂದಿಗೆ ಕಲಸಿ ಗಟ್ಟಿಯಾಗಿಸಿ ನೆಲಹಾಸಿನ ಬ್ಲಾಕ್ ಮಾಡುವ ವಿಧಾನ ಬೆಂಕಿಯ ತೊಡಕನ್ನು ತಪ್ಪಿಸುತ್ತದೆ. ಕೆಸರಿನ ಸಾವಯವ ಅಂಶ ಸಿಮೆಂಟ್ ಗಟ್ಟಿಯಾಗುವುದನ್ನು ತಡೆಯುವುದರಿಂದ ಹಾಕಬಹುದಾದ ಪ್ರಮಾಣ ಸೀಮಿತ. ಇಲ್ಲಿ ಇನ್ನೊಂದು ಸೂಕ್ಷ್ಮವಿದೆ. ಸೋರಿಕೆ ಪರೀಕ್ಷೆಯಲ್ಲಿ ವಸ್ತುವನ್ನು ದುರ್ಬಲ ಅಸಿಟಿಕ್ ಆಮ್ಲದಲ್ಲಿ ಕಲಕಿ, ಹೊರಬಂದ ಕ್ರೋಮಿಯಂ ಲೀಟರ್‌ಗೆ 5 ಮಿಲಿಗ್ರಾಂಗಿಂತ ಕಡಿಮೆಯಿದೆಯೇ ಎಂದು ನೋಡುತ್ತಾರೆ. ಸುಣ್ಣ ತುಂಬಿದ ಕೆಸರೋ ಸಿಮೆಂಟ್ ಬ್ಲಾಕೋ ಆದರೆ ಆ ಆಮ್ಲವನ್ನು ವಸ್ತುವಿನ ಕ್ಷಾರವೇ ನುಂಗಿಬಿಡುತ್ತದೆ, ಪರೀಕ್ಷೆ ಸುಲಭವಾಗಿ ಪಾಸಾಗುತ್ತದೆ. ವರ್ಷಗಟ್ಟಲೆ ಮಳೆಗೆ ತೊಳೆದು ಕ್ಷಾರ ಇಳಿದ ಮೇಲೆ ಏನಾಗುತ್ತದೆ ಎಂಬುದನ್ನು ಈ ಪರೀಕ್ಷೆ ತೋರಿಸದು. ಬ್ಲಾಕನ್ನು ಪುಡಿಮಾಡಿ, ಬೇರೆಬೇರೆ ಆಮ್ಲೀಯತೆಯಲ್ಲಿ, ಕ್ರೋಮಿಯಂ-6 ಅನ್ನು ಪ್ರತ್ಯೇಕವಾಗಿ ಅಳೆದ ವರದಿ ಇಲ್ಲದೆ ‘ಸುರಕ್ಷಿತ’ ಎಂಬ ಮಾತನ್ನು ನಂಬಬಾರದು.

ಕಾನೂನು ಈ ಎಚ್ಚರಕ್ಕೆ ಜಾಗ ಮಾಡಿಕೊಟ್ಟಿದೆ. 2016ರ ಅಪಾಯಕಾರಿ ಮತ್ತು ಇತರ ತ್ಯಾಜ್ಯಗಳ ನಿಯಮಗಳ 9ನೆಯ ನಿಯಮದ ಪ್ರಕಾರ ಇಂತಹ ತ್ಯಾಜ್ಯವನ್ನು ಸಂಪನ್ಮೂಲವಾಗಿ ಬಳಸಬೇಕಾದರೆ ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯ ಕಾರ್ಯವಿಧಾನ ಅಥವಾ ಮಾರ್ಗಸೂಚಿಯ ಆಧಾರದ ಮೇಲೆ ರಾಜ್ಯ ಮಂಡಳಿಯ ಅನುಮತಿ ಪಡೆಯಬೇಕು. ಸಂಗ್ರಹಿಸಿಡಲು ಸಾಮಾನ್ಯವಾಗಿ ಇರುವ ಗಡುವು 90 ದಿನ. ಈ ಗಡುವು ಕೇವಲ ಕಾಗದದ ವಿಷಯವಲ್ಲ ಎಂಬುದನ್ನು ತಮಿಳುನಾಡಿನ ರಾಣಿಪೇಟೆ ತೋರಿಸಿದೆ: ಅಲ್ಲಿ 2015ರ ಜನವರಿ 31ರ ನಸುಕಿನಲ್ಲಿ ಸಾಮೂಹಿಕ ಘಟಕದ ಕೆಸರಿನ ತೊಟ್ಟಿಯ ಗೋಡೆ ಒಡೆದು, ಪಕ್ಕದಲ್ಲಿ ಮಲಗಿದ್ದ 10 ಕಾರ್ಮಿಕರು ಕೆಸರಿನಡಿ ಸಿಕ್ಕಿ ಸತ್ತರು. ದಾರಿ ಕಾಣದ ಕೆಸರನ್ನು ಹಸಿಯಾಗಿ ಕೂಡಿಡುತ್ತಾ ಹೋಗುವುದು ತಾನೇ ಒಂದು ಅಪಾಯ. ಆದ್ದರಿಂದ ಈಗಾಗಲೇ ಬೆರಕೆಯಾದ ಕೆಸರನ್ನು ಯಂತ್ರದಲ್ಲಿ ಹಿಂಡಿ ನೀರು ಇಳಿಸಿ, ತಳಕ್ಕೆ ಭದ್ರ ಹಾಸಿರುವ ಅಪಾಯಕಾರಿ ತ್ಯಾಜ್ಯದ ಭರ್ತಿ ತಾಣಕ್ಕೆ ಸೇರಿಸುವುದು, ಸಾಧ್ಯವಾದಷ್ಟನ್ನು ನಿಗಾದಡಿ ಸಿಮೆಂಟ್ ಗೂಡಿಗೆ ಕೊಡುವುದು ಸದ್ಯದ ಪ್ರಾಮಾಣಿಕ ಉತ್ತರ. ಅದನ್ನು ಮರುಬಳಕೆ ಎಂದು ಕರೆಯಲಾಗದಿದ್ದರೂ ಚಿಂತೆಯಿಲ್ಲ.

ಮೂಲದಲ್ಲಿಯೇ ಬೇರ್ಪಡಿಸುವುದು

ನಿಜವಾದ ಮರುಬಳಕೆಗೆ ಅವಕಾಶವಿರುವುದು ಕೆಸರಾಗುವ ಮುನ್ನ. ಸಾಮಾನ್ಯ ಹದಗಾರಿಕೆಯಲ್ಲಿ ಹಾಕಿದ ಕ್ರೋಮಿಯಂನಲ್ಲಿ ಶೇಕಡಾ 60ರಿಂದ 70ರಷ್ಟನ್ನು ಮಾತ್ರ ತೊಗಲು ಹಿಡಿದುಕೊಳ್ಳುತ್ತದೆ; ಉಳಿದದ್ದು ಡ್ರಮ್ಮಿನ ನೀರಿನಲ್ಲಿ ಉಳಿಯುತ್ತದೆ. ಈ ನೀರಿನ ಪ್ರತಿ ಲೀಟರ್‌ನಲ್ಲಿ ಕ್ರೋಮಿಯಂ ಸಾವಿರಾರು ಮಿಲಿಗ್ರಾಂ ಇರುತ್ತದೆ, ಆದರೆ ಕಾರ್ಖಾನೆಯ ಒಟ್ಟು ನೀರಿನಲ್ಲಿ ಅದರ ಪಾಲು ತೀರಾ ಸಣ್ಣದು. ಅದನ್ನು ಬೇರೆ ಪೈಪಿನಲ್ಲಿ ಹಿಡಿದು ಮೆಗ್ನೀಸಿಯಂ ಆಕ್ಸೈಡ್ ಹಾಕಿದರೆ ಕ್ರೋಮಿಯಂ ಹೈಡ್ರಾಕ್ಸೈಡ್ ಆಗಿ ತಳಕ್ಕೆ ಇಳಿಯುತ್ತದೆ. ಕಾಸ್ಟಿಕ್ ಸೋಡಾ ಹಾಕಿದರೆ ಹತ್ತಿಯಂತೆ ಉಬ್ಬಿದ ಗಸಿ ಬರುತ್ತದೆ, ಸುಣ್ಣ ಹಾಕಿದರೆ ಜಿಪ್ಸಂ ಬೆರೆಯುತ್ತದೆ. ಮೆಗ್ನೀಸಿಯಂ ಆಕ್ಸೈಡಿನ ಗಸಿ ಒತ್ತಾಗಿ ಕೂರುತ್ತದೆ, ಮೇಲಿನ ತಿಳಿನೀರನ್ನು ಬಸಿಯುವುದು ಸುಲಭ. ಉಳಿದ ಗಸಿಯನ್ನು ಗಂಧಕಾಮ್ಲದಲ್ಲಿ ಕರಗಿಸಿದರೆ ಮತ್ತೆ ಹದಮಾಡಲು ಬೇಕಾದ ಕ್ರೋಮಿಯಂ ಸಲ್ಫೇಟ್ ದೊರೆಯುತ್ತದೆ; ಅದನ್ನು ಹೊಸ ಕ್ರೋಮಿಯಂನೊಂದಿಗೆ ಸೇರಿಸಿ ಬಳಸುತ್ತಾರೆ. ಚೆನ್ನೈನ ಕೇಂದ್ರೀಯ ಚರ್ಮ ಸಂಶೋಧನಾ ಸಂಸ್ಥೆ ಈ ವಿಧಾನವನ್ನು ನಮ್ಮ ಕಾರ್ಖಾನೆಗಳಿಗೆ ಹೊಂದಿಸಲು ಬಹುಕಾಲ ದುಡಿದಿದೆ. ಇಲ್ಲಿ ಕ್ರೋಮಿಯಂ-6 ಹುಟ್ಟಲು ಬೆಂಕಿಯೂ ಇಲ್ಲ, ಹೊಲವೂ ಇಲ್ಲ. ಲೋಹ ಬಂದ ಡ್ರಮ್ಮಿಗೇ ಹಿಂದಿರುಗುತ್ತದೆ.

ತಂತ್ರ ತಿಳಿದಿದ್ದರೂ ಅದು ಎಲ್ಲೆಡೆ ನೆಲೆಯೂರಲಿಲ್ಲ. ಸಣ್ಣ ಕಾರ್ಖಾನೆಗೆ ಪ್ರತ್ಯೇಕ ತೊಟ್ಟಿ, ಆಮ್ಲ ಸಂಗ್ರಹ, ತಿಳಿದ ಕೆಲಸಗಾರ ಎಲ್ಲವೂ ಹೊರೆ. ಹಳೆಯ ಕಟ್ಟಡದಲ್ಲಿ ಎಲ್ಲ ಡ್ರಮ್ಮುಗಳ ನೀರೂ ಒಂದೇ ಚರಂಡಿಗೆ ಬೀಳುತ್ತದೆ. ಜಾಜ್‌ಮೌನ ಹೊಸ ಯೋಜನೆ ಈ ಅಡಚಣೆಗೆ ಕೊಟ್ಟಿರುವ ಉತ್ತರ ಗಮನಾರ್ಹ. ನಮಾಮಿ ಗಂಗೆ ಕಾರ್ಯಕ್ರಮದಡಿ ರೂಪಿಸಿದ ದಿನಕ್ಕೆ 2 ಕೋಟಿ ಲೀಟರ್ ಸಾಮರ್ಥ್ಯದ, ಚರ್ಮ ಕಾರ್ಖಾನೆಗಳಿಗೆ ಮೀಸಲಾದ ಸಾಮೂಹಿಕ ಘಟಕದೊಂದಿಗೆ, ದಿನಕ್ಕೆ 9 ಲಕ್ಷ ಲೀಟರ್ ಸಾಮರ್ಥ್ಯದ ಸಾಮೂಹಿಕ ಕ್ರೋಮಿಯಂ ಮರುಪಡೆಯುವ ಘಟಕವನ್ನೂ ಸೇರಿಸಲಾಗಿದೆ. 2 ಕೋಟಿಯಲ್ಲಿ 9 ಲಕ್ಷ ಎಂದರೆ ಶೇಕಡಾ 4.5. ಕ್ರೋಮಿಯಂನ ಸಿಂಹಪಾಲು ಅಡಗಿರುವುದು ಇಷ್ಟು ಸಣ್ಣ ಹರಿವಿನಲ್ಲಿ ಎಂಬುದನ್ನು ಈ ಅನುಪಾತವೇ ಹೇಳುತ್ತದೆ.

ಇಷ್ಟಾದರೂ ಉಳಿದ ನೀರು ಕ್ರೋಮಿಯಂನಿಂದ ಪೂರ್ತಿ ಮುಕ್ತವಾಗದು. ಹದಗೊಂಡ ಚರ್ಮವನ್ನು ತೊಳೆಯುವಾಗ, ಬಣ್ಣ ಹಾಕುವ ಮುನ್ನ ಮರುಹದ ಮಾಡುವಾಗ ಲೋಹ ಮತ್ತೆ ಸ್ವಲ್ಪ ಸ್ವಲ್ಪವಾಗಿ ಬಿಡುತ್ತದೆ. ಮೇಲಿನ ಲೆಕ್ಕವನ್ನು ನೆನೆದರೆ ಆ ಸ್ವಲ್ಪವೇ ಗೊಬ್ಬರದ ಮಿತಿಯನ್ನು ಮೀರಲು ಸಾಕು. ಆದ್ದರಿಂದ ಕ್ರೋಮಿಯಂ ಮುಟ್ಟುವ ಮುಂಚಿನ ಹಂತಗಳಾದ ನೆನೆಸುವಿಕೆ, ಸುಣ್ಣ ಹಾಕುವಿಕೆ ಮತ್ತು ಮಾಂಸದ ಪದರ ಹೆರೆಯುವಿಕೆಯ ತ್ಯಾಜ್ಯವನ್ನು ಮೂರನೆಯ ಪ್ರತ್ಯೇಕ ಹರಿವಾಗಿ ಹಿಡಿಯುವುದು ಅಗತ್ಯ. ಹೆರೆದ ಮಾಂಸ ಮತ್ತು ಕೊಬ್ಬು ಜೈವಿಕ ಅನಿಲಕ್ಕೆ ಉತ್ತಮ ಕಚ್ಚಾವಸ್ತು. ಅನಿಲ ತೆಗೆದ ಮೇಲೆ ಉಳಿಯುವ ಗಸಿ ಗೊಬ್ಬರವಾಗುವ ಅರ್ಹತೆಯುಳ್ಳದ್ದು. ಉಪ್ಪು ಮತ್ತು ಸಲ್ಫೈಡ್ ಪ್ರಮಾಣವನ್ನು ಮಾತ್ರ ತಗ್ಗಿಸಿಕೊಳ್ಳಬೇಕು. ತೊಗಲನ್ನು ನೆನೆಸುವ ಮುನ್ನ ಕೊಡವಿ ಉಪ್ಪನ್ನು ಉದುರಿಸುವ ಸರಳ ಕೆಲಸ ಇದಕ್ಕೆ ಬಹಳ ನೆರವಾಗುತ್ತದೆ.

ಈ ಮೂರನೆಯ ಹರಿವಿನ ಗಸಿಯನ್ನು ರೈತರಿಗೆ ಕೊಡುವ ಮೊದಲು ಪ್ರತಿ ಬ್ಯಾಚಿನ ಮಾದರಿಯಲ್ಲಿ ಒಟ್ಟು ಕ್ರೋಮಿಯಂ, ಕ್ರೋಮಿಯಂ-6, ಉಪ್ಪು ಮತ್ತು ಸಲ್ಫೈಡ್ ಅಳೆದು, ಫಲಿತಾಂಶವನ್ನು ಚೀಲದ ಮೇಲೆಯೇ ಮುದ್ರಿಸುವ ಪದ್ಧತಿ ಬರಬೇಕು. ಮಾದರಿಯನ್ನು ತೆಗೆಯುವವರು ಕಾರ್ಖಾನೆಗೂ ಘಟಕಕ್ಕೂ ಸೇರದವರಾಗಿರಬೇಕು. ಒಟ್ಟು ಕ್ರೋಮಿಯಂ ಪ್ರತಿ ಕಿಲೋಗೆ 50 ಮಿಲಿಗ್ರಾಂ ದಾಟಿದ ದಿನ, ಆ ಬ್ಯಾಚನ್ನು ಹಿಡಿದಿಟ್ಟು, ಯಾವ ಕಾರ್ಖಾನೆಯ ಯಾವ ಚರಂಡಿ ತಪ್ಪು ಪೈಪಿಗೆ ಸೇರಿದೆ ಎಂದು ಹುಡುಕಲು ಆ ಒಂದು ಅಂಕಿಯೇ ಸಾಕಾಗುತ್ತದೆ.